ಅಲಾಸ್ಕಾ ಕ್ರೂಸ್: ಅಮ್ಮನ ಚೆಕ್-ಇನ್ ಮಾತ್ರ ಆಗುತ್ತಿಲ್ಲ, ಏಕೆ?

ಸಿಯಾಟಲ್ ವಾಸಿ:
ಮೂರು ದಿನದಿಂದ ಇದೇ ಗೋಳು. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವ ಏಳು ರಾತ್ರಿಯ ಪ್ರವಾಸ. ನನ್ನದು, ಹೆಂಡತಿಯದು, ಮಗಳದು ಐದು ನಿಮಿಷದಲ್ಲಿ ಮುಗಿಯಿತು. ಅಮ್ಮನ ಪಾಸ್‌ಪೋರ್ಟ್ ಸಂಖ್ಯೆ ತುಂಬಿದ ಕೂಡಲೇ ‘ದಾಖಲೆ ಅಪೂರ್ಣ’ ಎಂಬ ಕೆಂಪು ಸಾಲು. ಪಾಸ್‌ಪೋರ್ಟ್ ಚಾಲ್ತಿಯಲ್ಲಿದೆ, ವೀಸಾ ಇದೆ. ಹೊರಡಲು ಐದೇ ವಾರ. ಅಮ್ಮ ಮೈಸೂರಿನಿಂದ ಉಣ್ಣೆಯ ಶಾಲು ತಂದು ಕಾಯುತ್ತಿದ್ದಾರೆ. ದಯವಿಟ್ಟು ಹೇಳಿ.

ಕಡಲಹಕ್ಕಿ:
ಆರು ತಿಂಗಳ ನಿಯಮ. ಪ್ರವಾಸ ಮುಗಿದ ಮೇಲೂ ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು. ನಿಮ್ಮ ಅಮ್ಮನದು ಎಂದಿಗೆ ಮುಗಿಯುತ್ತದೆ?

ಸಿಯಾಟಲ್ ವಾಸಿ:
ಪ್ರವಾಸ ಮುಗಿದ ನಾಲ್ಕು ತಿಂಗಳಿಗೆ.

ಕಡಲಹಕ್ಕಿ:
ಅಲ್ಲೇ ಇದೆ ತೊಡಕು. ಮೊದಲು ನವೀಕರಿಸಿ. ಒಂಬತ್ತು ಸಲ ಕ್ರೂಸ್‌ಗೆ ಹೋಗಿ ಬಂದವನು ಹೇಳುತ್ತಿದ್ದೇನೆ.

ಹಾಸನದವಳು:
ಅವಸರಪಡಿಸಬೇಡಿ. ಅಮೆರಿಕ ಯಾವ ದೇಶಗಳಿಗೆ ಆರು ತಿಂಗಳ ನಿಯಮದಿಂದ ವಿನಾಯಿತಿ ಕೊಟ್ಟಿದೆಯೋ ಆ ಪಟ್ಟಿಯಲ್ಲಿ ಭಾರತವೂ ಇದೆ. ಉಳಿಯುವಷ್ಟು ದಿನ ಪಾಸ್‌ಪೋರ್ಟ್ ಚಾಲ್ತಿಯಲ್ಲಿದ್ದರೆ ಸಾಕು.

ಕಡಲಹಕ್ಕಿ:
ಅದು ಸರ್ಕಾರದ ಮಾತು. ಹಡಗಿನವರ ಷರತ್ತೇ ಬೇರೆ ಇರುತ್ತದೆ. ಹನ್ನೊಂದು ದಿನ ಕಡಿಮೆ ಬಿತ್ತೆಂದು ಸಿಂಗಾಪುರಕ್ಕೆ ಹೊರಟ ನನ್ನ ಭಾವನನ್ನು ವಿಮಾನ ಹತ್ತಲು ಬಿಡಲಿಲ್ಲ.

ಹಾಸನದವಳು:
ಸಿಂಗಾಪುರ ಆರು ತಿಂಗಳು ಕೇಳುತ್ತದೆ, ನಿಜ. ಇವರು ಹೋಗುತ್ತಿರುವುದು ಅಲ್ಲಿಗಲ್ಲವಲ್ಲ.

ರಾಯರು:
ಇಬ್ಬರೂ ಸ್ವಲ್ಪ ತಾಳಿ. ಸಿಯಾಟಲ್ ವಾಸಿಗಳೇ, ಅಮ್ಮನ ಬಳಿ ಇರುವುದು ಯಾವ ದೇಶದ ವೀಸಾ? ನಿಮ್ಮ ಬಳಿ ಏನಿದೆ? ಹಡಗು ವಿಕ್ಟೋರಿಯಾದಲ್ಲಿ ನಿಲ್ಲುತ್ತದೆಯೇ?

ಸಿಯಾಟಲ್ ವಾಸಿ:
ಅಮೆರಿಕದ ಪ್ರವಾಸಿ ವೀಸಾ. ನಮ್ಮಿಬ್ಬರದು ಗ್ರೀನ್ ಕಾರ್ಡ್, ಮಗಳು ಇಲ್ಲೇ ಹುಟ್ಟಿದವಳು. ವಿಕ್ಟೋರಿಯಾದಲ್ಲಿ ಕೊನೆಯ ಸಂಜೆ ನಾಲ್ಕು ಗಂಟೆ ಕಾಲ ನಿಲ್ಲುತ್ತದೆ. ನಾವು ಇಳಿಯುವುದೇ ಇಲ್ಲ, ಅದಕ್ಕೇ ಬರೆಯಲಿಲ್ಲ.

ರಾಯರು:
ವಿಕ್ಟೋರಿಯಾ ಇರುವುದು ಕೆನಡಾದಲ್ಲಿ. ಗ್ರೀನ್ ಕಾರ್ಡಿನವರಿಗೆ ಅಲ್ಲಿನ ವೀಸಾ ಬೇಡ. ಆದರೆ 2022ರ ಏಪ್ರಿಲ್‌ನಿಂದ ಕಾರ್ಡಿನ ಜೊತೆ ಚಾಲ್ತಿಯಲ್ಲಿರುವ ಪಾಸ್‌ಪೋರ್ಟನ್ನೂ ತೋರಿಸಬೇಕು. ಭಾರತದ ಪಾಸ್‌ಪೋರ್ಟಿನ ಅಮ್ಮನಿಗೆ ಕೆನಡಾ ವೀಸಾ ಬೇಕು. ಕೋಣೆ ಬಿಟ್ಟು ಹೊರಬರದಿದ್ದರೂ ಬೇಕು, ಇಲ್ಲವಾದರೆ ಹಡಗು ಹತ್ತಿಸುವುದಿಲ್ಲ. ಇಂದೇ ಅರ್ಜಿ ಹಾಕಿ, ಬೆರಳಚ್ಚು ಕೊಡುವುದಕ್ಕೂ ಸಮಯ ಹಿಡಿಯುತ್ತದೆ.

ಹಾಸನದವಳು:
ಬರೀ ನಾಲ್ಕು ಗಂಟೆ ಕಾಲಕ್ಕೆ ಅಲ್ಲಿ ಏಕೆ ನಿಲ್ಲಿಸುತ್ತಾರೋ!

ರಾಯರು:
1886ರ ಅಮೆರಿಕದ ಕಾನೂನು. ವಿದೇಶಿ ಧ್ವಜದ, ಅಂದರೆ ಬೇರೆ ದೇಶದಲ್ಲಿ ನೋಂದಾಯಿಸಿದ ಹಡಗು ನಡುವೆ ಒಂದು ಪರದೇಶದ ಬಂದರನ್ನು ಮುಟ್ಟದೆ, ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ಮರಳುವ ಇಂಥ ಪ್ರವಾಸ ಮಾಡುವಂತಿಲ್ಲ. ದೊಡ್ಡ ಕ್ರೂಸ್ ಹಡಗುಗಳು ಬಹುತೇಕ ವಿದೇಶಿ ಧ್ವಜದವು. 2021ರಲ್ಲಿ ಕೆನಡಾ ಬಂದರು ಮುಚ್ಚಿದ್ದಾಗ ಅಮೆರಿಕ ಪ್ರತ್ಯೇಕ ಕಾಯ್ದೆಯನ್ನೇ ತಂದು ತಾತ್ಕಾಲಿಕ ವಿನಾಯಿತಿ ಕೊಟ್ಟಿತು.

ಕಡಲಹಕ್ಕಿ:
ಆದರೂ ನವೀಕರಣ ಒಳ್ಳೆಯದು. ಅಂದ ಹಾಗೆ, ಬಾಲ್ಕನಿ ಇರುವ ಕೋಣೆಯನ್ನೇ ಹಿಡಿಯಿರಿ. ಅಲಾಸ್ಕಾದ ಹಿಮನದಿಗಳ ಕೊಲ್ಲಿಯಾದ ಗ್ಲೇಸಿಯರ್ ಬೇಯಲ್ಲಿ ಹಿಮದ ಗೋಡೆ ಕಳಚಿ ಕಡಲಿಗೆ ಬಿದ್ದಾಗ ನಾನು ಕಾಫಿ ಲೋಟ ಹಿಡಿದು ಹೊರಗೇ ನಿಂತಿದ್ದೆ. ನೋಡಿದ ಮೇಲೆ ಆ ಸದ್ದು ಬಂತು.

ಸಿಯಾಟಲ್ ವಾಸಿ:
ಅರ್ಜಿ ಹಾಕಿದೆ, ಮಂಗಳವಾರ ಬೆರಳಚ್ಚು. ವೀಸಾ ಬರದಿದ್ದರೆ?

ಹಾಸನದವಳು:
ಸಿಯಾಟಲ್‌ಗೆ ಉತ್ತರದ ಬೆಲ್ಲಿಂಗ್‌ಹ್ಯಾಮ್ ಬಂದರಿನಿಂದ ಅಲಾಸ್ಕಾ ರಾಜ್ಯದ ಫೆರ್ರಿ ಹಡಗಿನ ಸೇವೆ ಇದೆ. ಕೆನಡಾದಲ್ಲಿ ನಿಲ್ಲದೆ ನೇರ ಅಲಾಸ್ಕಾದ ಕೆಚಿಕಾನ್ ಊರಿಗೆ, ಸುಮಾರು 38 ಗಂಟೆ. ಮೇಲ್ತಟ್ಟಿನಲ್ಲಿ ಡೇರೆ ಹಾಕಿ ಮಲಗುವವರೂ ಇದ್ದಾರೆ.

ಸಿಯಾಟಲ್ ವಾಸಿ:
ಅಮ್ಮನಿಗೆ ಮಂಡಿ ನೋವು. ಮಲಗಲು ಕೋಣೆ ಸಿಗುತ್ತದೆಯೇ?