ಪಾಟನ್‌ನ ಕೆಂಪು ಮಚ್ಛೀಂದ್ರನಾಥ: ತೇರಲ್ಲಿ ಕೂತವನು ನಾಥ ಗುರುವೋ, ಅವಲೋಕಿತೇಶ್ವರನೋ?

ದಾರಿಬುತ್ತಿ:
ನೇಪಾಳದ ಪಾಟನ್ ತೇರಿಗೆ ಹೋಗುವ ಯೋಚನೆ ಇದೆ. ದೇವರು ನಾಥ ಯೋಗಿ ಗೋರಖನಾಥರ ಗುರು ಮತ್ಸ್ಯೇಂದ್ರನಾಥ (ಮಚ್ಛೀಂದ್ರನಾಥ) ಅಂತ ಒಂದು ಕಡೆ, ಬೌದ್ಧರ ಕರುಣೆಯ ಬೋಧಿಸತ್ತ್ವ ಪದ್ಮಪಾಣಿ ಅವಲೋಕಿತೇಶ್ವರ ಅಂತ ಇನ್ನೊಂದು ಕಡೆ. ಪೂಜೆ ಯಾರದು? ಆ ಕಣಿವೆಯ ಮೂಲನಿವಾಸಿಗಳಾದ ನೇವಾರರು ಹಿಂದೂಗಳೋ ಬೌದ್ಧರೋ? ಕೊನೆಯ ದಿನದ ಭೋಟೋ ಜಾತ್ರೆಗೆ ಈಗಲೇ ಟಿಕೆಟ್ ಮಾಡಿಸಬಹುದಾ?

ಬೆತ್ತದಬುಟ್ಟಿ:
ಟಿಕೆಟ್ ಬೇಡ, ಕಾಯಿರಿ. ತೇರು ಪುಲ್ಚೋಕ್‌ನಿಂದ ಗಾಬಹಾಲ್, ಸುಂಧಾರಾ, ಲಗನ್‌ಖೇಲ್ ದಾಟಿ ಜಾವಲಾಖೇಲ್ ಮುಟ್ಟಲು ವಾರಗಟ್ಟಲೆ ಬೇಕು. ಅಲ್ಲಿ ರತ್ನ ಕೂರಿಸಿದ ಕಪ್ಪು ಅಂಗಿಯನ್ನು (ಅದೇ ಭೋಟೋ) ತೇರಿನ ನಾಲ್ಕೂ ದಿಕ್ಕಿಗೆ ಎತ್ತಿ ತೋರಿಸುತ್ತಾರೆ. ಆ ದಿನವನ್ನು ಜೋಯಿಸರು ಆಮೇಲೆ ಗೊತ್ತು ಮಾಡುತ್ತಾರೆ.

ಪೂಜಾರಿಗಳು ಬೌದ್ಧರು. ಪಾಂಜು ಅಂತ ಕರೆಯುವ ವಜ್ರಾಚಾರ್ಯ, ಶಾಕ್ಯ ಮನೆತನದವರು. ದೇವರ ಊರು ಬುಂಗಮತಿ, ಅದಕ್ಕೇ ನೇವಾರಿಯಲ್ಲಿ ಬುಂಗದ್ಯಃ. ತೇರಿಗೆ ಮೊದಲು ಮೂರ್ತಿಗೆ ಸ್ನಾನ, ಹೊಸ ಕೆಂಪು ಬಣ್ಣ, ಆಮೇಲೆ ಮಗುವಿಗೆ ಮಾಡುವಂತೆ ಹುಟ್ಟಿನಿಂದ ಶುರುವಾಗಿ ಹತ್ತು ಸಂಸ್ಕಾರ. ಐತಿಹ್ಯವೂ ಜಂಟಿಯದೇ: ಗೋರಖನಾಥ ಮಳೆ ತರುವ ನಾಗಗಳ ಮೇಲೆ ಕೂತು ಮಳೆ ತಡೆದಾಗ, ದೇವರನ್ನು ಕಾಮರೂಪದಿಂದ (ಈಗಿನ ಅಸ್ಸಾಂ ಕಡೆ) ತಂದವರು ರಾಜ ನರೇಂದ್ರದೇವ, ಬೌದ್ಧ ಆಚಾರ್ಯ ಬಂಧುದತ್ತ ಮತ್ತು ಒಬ್ಬ ರೈತ.

ತೇರು ಸುಮಾರು 60 ಅಡಿ. ಗಾಲಿ, ಅಡಿಗಟ್ಟು ಬಾರಾಹಿ ಬಡಗಿಗಳ ಕೆಲಸ. ಗೋಪುರವನ್ನು ಯಾಂಗ್ವಾಲರು ಮೊಳೆ ಹೊಡೆಯದೆ ಬೆತ್ತದಲ್ಲಿ ಬಿಗಿಯುತ್ತಾರೆ. ಗಾಲಿ ಗುಂಡಿಗಿಳಿದರೆ ಗೋಪುರ ಮುರಿಯದೆ ತೂಗಾಡುವುದು ಆ ಬೆತ್ತದಿಂದಲೇ. ಕಟ್ಟು ಸಡಿಲವಾದರೆ ಒಂದು ಮಗ್ಗುಲಿಗೆ ವಾಲುತ್ತದೆ, ಬಿದ್ದದ್ದೂ ಉಂಟು. ಬಿದ್ದರೆ ದೇಶಕ್ಕೇ ಅಪಶಕುನ ಅಂತ ಕ್ಷಮಾಪೂಜೆ. ಹಾಗಾಗಿ ಗೋಪುರದ ಎತ್ತರದಷ್ಟು ಜಾಗ ಬಿಟ್ಟು, ತೇರಿನ ಹಿಂದೆ ನಿಲ್ಲಿ. ತಿರುವಿನಲ್ಲಿ ಗಾಲಿಯಡಿ ಮರದ ತುಂಡು ಕೊಡುವವರ ಹತ್ತಿರ ಸುಳಿಯಲೇಬೇಡಿ.

ಗುಭಾಜು_ಪ್ರಶ್ನೆ:
"ಹಿಂದೂನಾ ಬೌದ್ಧನಾ" ಅಂತ ಕೇಳಿದರೆ ಉತ್ತರ ಸಿಗುವುದು ಕಷ್ಟ. "ಮನೆಗೆ ಪುರೋಹಿತರು ಯಾರು" ಅಂತ ಕೇಳಿ. ವಜ್ರಾಚಾರ್ಯರು, ಅಂದರೆ ಗುಭಾಜು ಬಂದರೆ ಬುದ್ಧಮಾರ್ಗಿ. ರಾಜೋಪಾಧ್ಯಾಯ ಬ್ರಾಹ್ಮಣರು ಬಂದರೆ ಶಿವಮಾರ್ಗಿ. ಗಣೇಶ, ಭೈರವ ಇಬ್ಬರಿಗೂ ಬೇಕು. ಹಿಂದಿನ ಮಲ್ಲ ರಾಜರ ಕುಲದೇವತೆ ತಲೇಜು, ಆದರೆ ಅವಳ ಜೀವಂತ ರೂಪವಾದ ಕಾಠ್ಮಂಡುವಿನ ಕುಮಾರಿ ಶಾಕ್ಯರ ಮನೆಯ ಹುಡುಗಿ.

ನೇವಾರರ ಹಳೆಯ ಬೌದ್ಧ ಪದ್ಧತಿಯಲ್ಲಿ ಬ್ರಹ್ಮಚಾರಿ ಭಿಕ್ಷುಗಳ ಸಂಘ ಉಳಿದಿಲ್ಲ. ಶಾಕ್ಯ, ವಜ್ರಾಚಾರ್ಯ ಹುಡುಗರು ತಮ್ಮ ಬಹಾಲ್‌ನಲ್ಲಿ (ವಿಹಾರದಲ್ಲಿ) ತಲೆ ಬೋಳಿಸಿ, ಚೀವರ (ಭಿಕ್ಷುವಿನ ಬಟ್ಟೆ) ಉಟ್ಟು, ಭಿಕ್ಷೆ ಬೇಡಿ, ನಾಲ್ಕನೆಯ ದಿನ ಚೀವರ ಒಪ್ಪಿಸಿ ಸಂಸಾರಕ್ಕೆ ಮರಳುತ್ತಾರೆ. ಬಹಾಲ್‌ನ ಸದಸ್ಯತ್ವ ಸಿಗುವುದು ಹಾಗೆ.

ಎಲ್ಲವೂ ಸಿಹಿ ಅಂದುಕೊಳ್ಳಬೇಡಿ. ಆಗ ನೇಪಾಳ ಆಳುತ್ತಿದ್ದ ರಾಣಾ ಪ್ರಧಾನಿಗಳ ಆಡಳಿತ 1944ರಲ್ಲಿ ಎಂಟು ಥೇರವಾದಿ ಭಿಕ್ಷುಗಳನ್ನು ಗಡೀಪಾರು ಮಾಡಿತ್ತು. ಹಳೆಯ ಬಹಾಲ್ ಪದ್ಧತಿಗೆ ತೊಂದರೆ ಇರಲಿಲ್ಲ. ಹೊಸದಾಗಿ ಬೋಧಿಸಿ ದೀಕ್ಷೆ ಕೊಡುವುದು ರಾಣಾಗಳಿಗೆ ಮತಾಂತರವಾಗಿ ಕಂಡಿತು.

ಕದ್ರಿಗುಡ್ಡೆ:
ಲೋಕೇಶ್ವರ (ಅವಲೋಕಿತೇಶ್ವರನೇ) ಮತ್ತು ನಾಥರು ಒಂದೇ ಕಡೆ ಸಿಗುವ ಜಾಗ ಮಂಗಳೂರಿನಲ್ಲೇ ಇದೆ. ಕದ್ರಿಯ ಮಂಜುನಾಥ ದೇವಸ್ಥಾನದಲ್ಲಿರುವ ಮೂರು ಮುಖ, ಆರು ಕೈಗಳ ಕಂಚಿನ ಲೋಕೇಶ್ವರನನ್ನು ಆಳುಪ ದೊರೆ ಕುಂದವರ್ಮ 968ರಲ್ಲಿ ಅಲ್ಲಿದ್ದ ವಿಹಾರದಲ್ಲಿ ಪ್ರತಿಷ್ಠಾಪಿಸಿದ. ಶಾಸನದಲ್ಲಿ ಆ ದೊರೆಯೇ ಶಿವಭಕ್ತ. ಮೇಲೆ ಗುಡ್ಡದಲ್ಲಿ ನಾಥರ ಜೋಗಿ ಮಠ. ಇದರಿಂದ ನೇಪಾಳಕ್ಕೆ ನೇರ ನಂಟು ಎಳೆಯುವುದು ಅವಸರವಾದೀತು, ಆದರೆ ಹೊರಡುವ ಮುಂಚೆ ಒಮ್ಮೆ ನೋಡಿಕೊಂಡು ಹೋಗಿ.

ಬೆತ್ತದಬುಟ್ಟಿ:
ಬಿಟ್ಟುಹೋಗಿತ್ತು: 12 ವರ್ಷಕ್ಕೊಮ್ಮೆ ತೇರು ಬುಂಗಮತಿಯಿಂದಲೇ ಹೊರಡುತ್ತದೆ. 2015ರಲ್ಲಿ ಹಾಗೆ ಹೊರಟಾಗಲೇ ಭೂಕಂಪವಾಗಿ ನಡುದಾರಿಯಲ್ಲಿ ನಿಂತಿತ್ತು, ಬುಂಗಮತಿಯ ಗುಡಿಯೂ ಕುಸಿಯಿತು. ಆ ಲೆಕ್ಕಕ್ಕೆ ಮುಂದಿನದು 2027.