ಹುಣಸೆ ಮರದಡಿ ನಿಂತ ಹಳೇ ಟಿಲ್ಲರ್: ಕೈ ಹಾಕಬಹುದಾ?

ಹೊಳಲ್ಕೆರೆ ತೋಟದವನು

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಳಲ್ಕೆರೆ ತಾಲ್ಲೂಕು. ಮೂರು ಎಕರೆ ಅಡಿಕೆ, ಒಂಬತ್ತಡಿ ಅಂತರ. ದೊಡ್ಡ ಟ್ರ್ಯಾಕ್ಟರ್ ಸಾಲಿನೊಳಗೆ ಹೋಗುವುದಿಲ್ಲ. ಪಕ್ಕದ ಊರಿನ ಒಂದು ಹಿತ್ತಲಲ್ಲಿ ಹಳೇ ಮಿತ್ಸುಬಿಷಿ ಶಕ್ತಿ ಪವರ್ ಟಿಲ್ಲರ್ (ಹ್ಯಾಂಡಲ್ ಹಿಡಿದು ಓಡಿಸುವ ಎರಡು ಚಕ್ರದ ಉಳುಮೆ ಯಂತ್ರ) ನಿಂತಿದೆ. ಮನೆ ಯಜಮಾನರು ತೀರಿಕೊಂಡ ಮೇಲೆ ಯಾರೂ ಮುಟ್ಟಿಲ್ಲವಂತೆ. ನಾಲ್ಕೈದು ಮಳೆಗಾಲ ಹುಣಸೆ ಮರದ ಕೆಳಗೇ ಕಳೆದಿದೆ.

ಗುಜರಿಯವನು 14,000ಕ್ಕೆ ಕೇಳಿದ್ದಾನೆ. ನನಗಾದರೆ 16,000 ಅನ್ನುತ್ತಿದ್ದಾರೆ. ಸ್ಟಾರ್ಟ್ ಮಾಡುವ ಹ್ಯಾಂಡಲ್ ಹಾಕಿ ಸುತ್ತಲು ಹೋದರೆ ಒಂದಿಂಚೂ ಅಲ್ಲಾಡುವುದಿಲ್ಲ. ಏರ್ ಕ್ಲೀನರ್ ತುಂಬ ಇಲಿ ಗೂಡು. ರೇಡಿಯೇಟರ್ ಒಣಗಿ ಬಾಯಿಯಲ್ಲೆಲ್ಲ ಬಿಳಿ ಕರೆ ಕಟ್ಟಿದೆ. ಒಂದು ಟೈರ್ ಸೀಳಿದೆ, ಹಿಂದೆ ಮಣ್ಣು ಕೆದಕುವ ರೋಟರಿಯಲ್ಲಿ ಅರ್ಧದಷ್ಟು ಬ್ಲೇಡ್ ಇಲ್ಲ. ಎಂಜಿನ್ ಆಯಿಲ್ ಮಾತ್ರ ಕಪ್ಪಗಿದೆ, ನೀರು ಸೇರಿದ ಹಾಗೆ ಕಾಣಲಿಲ್ಲ.

ಗಾಡಿ, ರಿಪೇರಿ ಎರಡೂ ಸೇರಿ 40,000 ದಾಟಬಾರದು. ಒಬ್ಬ ಮೆಕ್ಯಾನಿಕ್ ಫೋನಿನಲ್ಲೇ "ಎಂಜಿನ್ ಪೂರ್ತಿ ಬಿಚ್ಚಬೇಕು, 25,000 ಇಟ್ಟುಕೊಳ್ಳಿ" ಅಂದರು. ತಗೊಳ್ಳಲಾ, ಬಿಡಲಾ? ತಗೊಂಡರೆ ಎಲ್ಲಿಂದ ಶುರು ಮಾಡಲಿ?

ಚನ್ನಗಿರಿ ಸೀಮೆ

ಬಿಡಿ ಅನ್ನುತ್ತೇನೆ. ವರ್ಷಕ್ಕೆ ನಾಲ್ಕು ದಿನದ ಕೆಲಸಕ್ಕೆ ಗಾಡಿ ಯಾಕೆ? ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತದಾ ಕೇಳಿ. ಅದೂ ಅಲ್ಲದೆ ಅಡಿಕೆ ಬೇರು ಮೇಲೇ ಹರಡಿರುತ್ತದೆ. ಬೆಳೆದ ತೋಟದಲ್ಲಿ ರೋಟರಿ ಆಳಕ್ಕೆ ಇಳಿಸಿದರೆ ಬೇರು ಕತ್ತರಿಸಿಕೊಂಡು ಹೋಗುತ್ತದೆ. ನಾವು ಉಳುಮೆ ನಿಲ್ಲಿಸಿ ಕಳೆ ಕತ್ತರಿಸಿ ಅಲ್ಲೇ ಹಾಸುತ್ತಿದ್ದೇವೆ. ತೋಟಕ್ಕೇನೂ ತೊಂದರೆ ಆಗಿಲ್ಲ.

ಹರಿಹರದ ಲೇತ್‌ನವರು

ಬೇರಿನ ವಿಷಯ ಚನ್ನಗಿರಿಯವರು ಸರಿಯಾಗಿ ಹೇಳಿದ್ದಾರೆ. ಆದರೆ ಟಿಲ್ಲರ್ ಬರೀ ಉಳುಮೆಗಲ್ಲ. ಗೊಬ್ಬರ ಹೊರುವುದಕ್ಕೆ, ಗೊನೆ ಸಾಗಿಸುವುದಕ್ಕೆ ಟ್ರೈಲರ್ ಹಾಕಿದರೆ ವರ್ಷವಿಡೀ ಕೆಲಸ ಇದೆ. ಹೊಸದು ಎರಡು ಲಕ್ಷ ದಾಟುತ್ತದೆ. ಹಾಗಾಗಿ ಇದನ್ನು ನೋಡದೇ ಬಿಡಬೇಡಿ, ನೋಡದೇ ತಗೊಳ್ಳಲೂಬೇಡಿ. ಗಾಡಿ ಕಣ್ಣಲ್ಲಿ ನೋಡದೇ ಫೋನಿನಲ್ಲಿ 25,000 ಹೇಳಿದವರಿಗೆ ದೂರದಿಂದಲೇ ಕೈ ಮುಗಿಯಿರಿ.

ನಾನು ಹರಿಹರದಲ್ಲಿ ಲೇತ್ ಮೇಲೆ ಕೆಲಸ ಕಲಿತವನು. ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕೈ ಪಳಗಿದವರು ಇನ್ನೂ ಊರಲ್ಲಿದ್ದಾರೆ. ಬುಷ್, ಪಿನ್, ಸವೆದ ಶಾಫ್ಟ್ ಇಂಥದ್ದೆಲ್ಲ ನಮಗೆ ದೊಡ್ಡ ವಿಷಯ ಅಲ್ಲ. ನಮ್ಮ ಶೆಡ್ಡಿಗೆ ಬರುವ ಹಳೇ ಟಿಲ್ಲರ್‌ಗಳಲ್ಲಿ ದುಡ್ಡು ತಿನ್ನುವುದು ಎಂಜಿನ್ ಅಲ್ಲ, ಗೇರ್ ಬಾಕ್ಸ್ ಮತ್ತು ರೋಟರಿ. ಆದ್ದರಿಂದ ದುಡ್ಡು ಕೊಡುವ ಮೊದಲೇ ಅವರ ಒಪ್ಪಿಗೆ ಪಡೆದು ಗೇರ್ ಬಾಕ್ಸಿನ ಡ್ರೈನ್ ಬೋಲ್ಟ್ ಸ್ವಲ್ಪ ಸಡಿಲಿಸಿ. ರೋಟರಿ ಪಕ್ಕದ ಕೇಸಿನದೂ ಅಷ್ಟೇ. ಆಯಿಲ್ ಹಾಲಿನ ಹಾಗೆ ಬಂದರೆ ಒಳಗೆ ನೀರು ಹೋಗಿದೆ, ಬೇರಿಂಗ್ ತುಕ್ಕು ಹಿಡಿದಿರುತ್ತದೆ. ಕಬ್ಬಿಣದ ಚೂರು ಬಂದರೆ ಮಾತು ಮುಗಿಯಿತು, ಗುಜರಿಯವನಿಗೇ ಬಿಡಿ. ಹೌಸಿಂಗ್ ಸೀಳಿ ವೆಲ್ಡಿಂಗ್ ಮಾಡಿದ ಗುರುತು ಇದೆಯಾ ಅಂತಲೂ ಕೈಯಾಡಿಸಿ ನೋಡಿ.

ಅದು ಸರಿಯಿದ್ದರೆ ಎಂಜಿನ್ನಿಗೆ ಬನ್ನಿ. ಹ್ಯಾಂಡಲ್ ತಿರುಗಲಿಲ್ಲ ಅಂದ ಮಾತ್ರಕ್ಕೆ ಎಂಜಿನ್ ಹಿಡಿದಿದೆ, ಅಂದರೆ ಒಳಗೇ ಜಾಮ್ ಆಗಿದೆ ಅಂತಲ್ಲ. ಗಾಡಿ ಗೇರಿನಲ್ಲೇ ನಿಂತು ಕ್ಲಚ್ ಪ್ಲೇಟುಗಳು ತುಕ್ಕಿನಲ್ಲಿ ಅಂಟಿಕೊಂಡಿದ್ದರೂ ಹೀಗೇ ಆಗುತ್ತದೆ. ಮೊದಲು ವಿ ಬೆಲ್ಟ್‌ಗಳನ್ನು ಕಳಚಿ. ಆಮೇಲೆ ಫ್ಲೈವೀಲ್ (ಎಂಜಿನ್ ಪಕ್ಕದ ಭಾರದ ಚಕ್ರ) ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಆಗಲೂ ಅಲ್ಲಾಡದಿದ್ದರೆ ಮಾತ್ರ ಪಿಸ್ಟನ್ ಹಿಡಿದಿದೆ.

ಆಗ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿ ಆ ತೂತಿನಲ್ಲಿ ಡೀಸೆಲ್ ಮತ್ತು ಎಂಜಿನ್ ಆಯಿಲ್ ಸಮ ಬೆರೆಸಿ ಒಂದು ಟೀ ಲೋಟದಷ್ಟು ಬಿಡಿ. ಇಲ್ಲೊಂದು ವಿಷಯ ತುಂಬಾ ಜನ ಮರೆಯುತ್ತಾರೆ. ಈ ಎಂಜಿನ್ನಿನ ಸಿಲಿಂಡರ್ ಮಲಗಿರುತ್ತದೆ. ಸುಮ್ನೆ ಸುರಿದರೆ ಎಣ್ಣೆ ಕೆಳಭಾಗದಲ್ಲಿ ನಿಲ್ಲುತ್ತದೆ, ಪಿಸ್ಟನ್ನಿನ ಮೇಲ್ಭಾಗ ಒಣಗಿಯೇ ಇರುತ್ತದೆ. ಟ್ಯಾಂಕಿನ ಡೀಸೆಲ್, ಕ್ರಾಂಕ್‌ಕೇಸಿನ ಆಯಿಲ್ ಖಾಲಿ ಮಾಡಿ, ಸಿಲಿಂಡರಿನ ಹೆಡ್ (ಇಂಜೆಕ್ಟರ್ ಇರುವ ತುದಿ) ಮೇಲಾಗುವ ಹಾಗೆ ಗಾಡಿ ಓರೆ ಮಾಡಿ ಗಟ್ಟಿಯಾಗಿ ಕಲ್ಲು ಕೊಡಿ. ಇದು 400 ಕೆಜಿ ಆಸುಪಾಸಿನ ಗಾಡಿ, ಜಾರಿದರೆ ಕಾಲು ಉಳಿಯುವುದಿಲ್ಲ. ಆಮೇಲೆ ವಾರ ಬಿಡಿ. ದಿನಾ ಫ್ಲೈವೀಲ್ ಒಮ್ಮೆ ಅಲ್ಲಾಡಿಸಿ. ಸುತ್ತಿಗೆ ಮುಟ್ಟಬೇಡಿ. ರಾಕರ್ ಕವರ್ (ವಾಲ್ವುಗಳ ಮುಚ್ಚಳ) ಬಿಚ್ಚಿ ಎರಡು ವಾಲ್ವೂ ಒತ್ತಿದರೆ ಹೋಗಿ ಬರುತ್ತವಾ ನೋಡಿ. ವಾಲ್ವ್ ಅಂಟಿದ್ದಾಗ ಜೋರಾಗಿ ತಿರುಗಿಸಿದರೆ ಪುಷ್ ರಾಡ್ ಬಗ್ಗುತ್ತದೆ.

ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಎಸೆಯಬೇಡಿ. ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ, ಮತ್ತೆ ಹಾಕಬಹುದು. ಇಂಜೆಕ್ಟರ್ ತುದಿಯ ನಾಝಲ್ ಮಾತ್ರ ದಾವಣಗೆರೆಯ ಡೀಸೆಲ್ ಪಂಪ್ ಅಂಗಡಿಯಲ್ಲಿ ಟೆಸ್ಟ್ ಮಾಡಿಸಿ. ಅದಕ್ಕೆ ಜಿಪುಣತನ ಬೇಡ.

ಹೊಳಲ್ಕೆರೆ ತೋಟದವನು

ತಗೊಂಡೆ! ಗೇರ್ ಆಯಿಲ್ ಹಳೇದಾದರೂ ಸ್ವಚ್ಛವಾಗಿತ್ತು. ಅದನ್ನು ನೋಡಿದ ಮೇಲೂ ಮುಖ ಸಪ್ಪಗೆ ಮಾಡಿಕೊಂಡು ಚೌಕಾಸಿ ಮಾಡಿದೆ, 14,500ಕ್ಕೆ ಬಂತು. ಬೆಲ್ಟ್ ಕಳಚಿದರೂ ಫ್ಲೈವೀಲ್ ಅಲ್ಲಾಡಲಿಲ್ಲ. ನೀವು ಹೇಳಿದ ಹಾಗೆ ಎಣ್ಣೆ ಬಿಟ್ಟು ಕಾದೆ. ನಿನ್ನೆ ಬೆಳಗ್ಗೆ ಟಕ್ ಅಂತ ಬಿಟ್ಟುಕೊಂಡಿತು. ನಮ್ಮ ಅಮ್ಮ ಏನೋ ಮುರಿಯಿತು ಅಂತ ಓಡಿ ಬಂದರು. ಈಗ ಪೂರ್ತಿ ಸುತ್ತುತ್ತಿದೆ.

ಸ್ಟಾರ್ಟ್ ಮಾಡುವ ಮೊದಲು ಇನ್ನೇನು ನೋಡಬೇಕು? ರೇಡಿಯೇಟರಿನ ಕರೆಗೆ ಕಕ್ಕಸು ತೊಳೆಯುವ ಆಸಿಡ್ ಹಾಕು ಅನ್ನುತ್ತಾನೆ ತಮ್ಮ.

ಹಿರಿಯೂರು ಬೋರ್‌ವೆಲ್

ಆಸಿಡ್ ಬೇಡವೇ ಬೇಡ, ಲೋಹವನ್ನೇ ತಿನ್ನುತ್ತದೆ. ಕಿರಾಣಿ ಅಂಗಡಿಯ ನಿಂಬೆ ಉಪ್ಪು ಬಿಸಿನೀರಿನಲ್ಲಿ ಕರಗಿಸಿ ತುಂಬಿ, ಕೆಲವು ಗಂಟೆ ಬಿಟ್ಟು ಚೆಲ್ಲಿ, ಒಳ್ಳೇ ನೀರಿನಲ್ಲಿ ಮತ್ತೆ ಮತ್ತೆ ತೊಳೆಯಿರಿ. ನಮ್ಮ ಜಿಲ್ಲೆಯ ಬೋರ್ ನೀರು ಗಡಸು. ಅದನ್ನೇ ಮತ್ತೆ ತುಂಬಿದರೆ ಮತ್ತದೇ ಕರೆ. ನಾನು ಮಳೆನೀರು ಹಿಡಿದಿಟ್ಟು ಕೂಲಂಟ್ ಬೆರೆಸಿ ಹಾಕುತ್ತೇನೆ.

ಹರಿಹರದ ಲೇತ್‌ನವರು

ಒಳ್ಳೇದಾಯಿತು. ಈಗ ಅವಸರ ಮಾಡಬೇಡಿ, ಒಳಗೆ ಬಿಟ್ಟ ಎಣ್ಣೆ ಇನ್ನೂ ಇದೆ. ಇಂಜೆಕ್ಟರ್ ಹಾಕುವ ಮೊದಲೇ ಫ್ಲೈವೀಲ್ ನಿಧಾನವಾಗಿ ಸುತ್ತಿ ಅದನ್ನೆಲ್ಲ ಹೊರಗೆ ಉಗುಳಿಸಿ. ಇಲ್ಲದಿದ್ದರೆ ಎಣ್ಣೆ ಒತ್ತಿಕೊಂಡು ಕನೆಕ್ಟಿಂಗ್ ರಾಡ್ ಬಗ್ಗೀತು. ಹೊಸ ಆಯಿಲ್, ಹೊಸ ಡೀಸೆಲ್ ಫಿಲ್ಟರ್ ಹಾಕಿ. ಟ್ಯಾಂಕ್ ಕಳಚಿ ಒಂದು ಹಿಡಿ ಸಣ್ಣ ಜಲ್ಲಿ, ಸ್ವಲ್ಪ ಡೀಸೆಲ್ ಹಾಕಿ ಕುಲುಕಿದರೆ ತುಕ್ಕು ಬಿಡುತ್ತದೆ.

ಫಿಲ್ಟರ್ ಹತ್ತಿರದ ಬೋಲ್ಟ್ ಸಡಿಲಿಸಿ, ಗುಳ್ಳೆ ನಿಲ್ಲುವ ತನಕ ಡೀಸೆಲ್ ಹರಿಯಲಿ. ಗಾಳಿ ಇದ್ದರೆ ನೂರು ಸಲ ಸುತ್ತಿದರೂ ಹತ್ತಿಕೊಳ್ಳುವುದಿಲ್ಲ. ಡಿಕಂಪ್ರೆಷನ್ ಲಿವರ್ (ಸಿಲಿಂಡರಿನ ಒತ್ತಡ ಬಿಡಿಸುವುದು) ಒತ್ತಿ ಹ್ಯಾಂಡಲ್ ಸುತ್ತಿ. ಇಂಜೆಕ್ಟರ್ ಹತ್ತಿರ ಕಿರ್ ಕಿರ್ ಸದ್ದು ಕೇಳಿದರೆ ಡೀಸೆಲ್ ತಲುಪಿದೆ. ಸ್ಪ್ರೇ ನೋಡಲು ಕೈ ಒಡ್ಡಬೇಡಿ, ಆ ಒತ್ತಡಕ್ಕೆ ಚರ್ಮದೊಳಗೇ ಇಳಿಯುತ್ತದೆ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಜೊತೆಗೇ ಇರಲಿ, ಅದನ್ನು ಎದುರು ಬದಿಯಿಂದ ಬಳಸಿ ಹಿಡಿಯಬೇಡಿ. ಹ್ಯಾಂಡಲ್ ಒಮ್ಮೆ ಹಿಂದಕ್ಕೆ ಒದ್ದರೆ ಗೊತ್ತಾಗುತ್ತದೆ.

ಮೊದಲ ಸಲ ಹತ್ತಿಕೊಂಡಾಗ ಉಳಿದ ಎಣ್ಣೆ ಉರಿದು ಎಂಜಿನ್ ಹುಚ್ಚೆದ್ದು ಓಡಬಹುದು. ಎಂಜಿನ್ ಗಾಳಿ ಎಳೆಯುವ ಬಾಯಿ ಮುಚ್ಚಿ ನಿಲ್ಲಿಸಲು ಒಂದು ಹಲಗೆ ತುಂಡು ಪಕ್ಕದಲ್ಲೇ ಇರಲಿ. ಬಿಳಿ ಹೊಗೆ ಸ್ವಲ್ಪ ಹೊತ್ತು ಬರುತ್ತದೆ, ಹೆದರಬೇಡಿ. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಆಗ ಪಿಸ್ಟನ್ ರಿಂಗ್ ಬಗ್ಗೆ ಮಾತಾಡೋಣ. ಟೈರ್ 6.00-12 ಅಳತೆಯದು, ಸೆಕೆಂಡ್ ಹ್ಯಾಂಡ್ ಸಿಕ್ಕರೂ ಪರವಾಗಿಲ್ಲ. ಬ್ಲೇಡ್‌ನಲ್ಲಿ ಎಡ, ಬಲ ಅಂತ ಎರಡು ತರ ಇದೆ. ಇರುವುದನ್ನು ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ಹಿಡಿದಿಟ್ಟುಕೊಳ್ಳಿ.

ಚನ್ನಗಿರಿ ಸೀಮೆ

ತಗೊಂಡಾಯಿತಲ್ಲ, ಇದೊಂದು ಕೇಳಿ. ಟ್ರೈಲರ್ ಹಾಕಿ ಇಳಿಜಾರಿನಲ್ಲಿ ಬರುವಾಗ ಎಡ ಸ್ಟೀರಿಂಗ್ ಕ್ಲಚ್ (ಆ ಬದಿಯ ಚಕ್ರವನ್ನು ಎಂಜಿನ್ನಿನಿಂದ ಬಿಡಿಸುವ ಹಿಡಿ) ಹಿಡಿದರೆ ಗಾಡಿ ಎಡಕ್ಕಲ್ಲ, ಬಲಕ್ಕೆ ತಿರುಗುತ್ತದೆ. ಬಿಟ್ಟ ಚಕ್ರ ಮುಂದೆ ಓಡುತ್ತದೆ, ಇನ್ನೊಂದನ್ನು ಎಂಜಿನ್ ಹಿಡಿದಿರುತ್ತದೆ. ಇಳಿಜಾರಿನಲ್ಲಿ ಕ್ಲಚ್ ಮುಟ್ಟದೆ ಸಣ್ಣ ಗೇರಿನಲ್ಲಿ ಹ್ಯಾಂಡಲ್ ಒತ್ತಿಯೇ ತಿರುಗಿಸಿ. ತಮ್ಮನಿಗೂ ಹೇಳಿ, ಆಸಿಡ್ ಐಡಿಯಾ ಕೊಡುವವರು ಗಾಡಿ ಓಡಿಸಲೂ ಮುಂದೆ ಬರುತ್ತಾರೆ.