ಬಿಪಿ, ಹೃದಯದ ಮಾತ್ರೆ: ಭಾನುವಾರದ ಪ್ರಶ್ನೋತ್ತರ

ಡಾಕ್ಟರ್: ಹೋದ ವಾರ ಹೆಚ್ಚಿನವರು ಕೇಳಿದ್ದು ಅಟೆನೊಲಾಲ್, ಮೆಟೊಪ್ರೊಲಾಲ್ ಬಗ್ಗೆ. ಹೆಸರಿನ ಕೊನೆಗೆ ‘ಲಾಲ್’ ಇದ್ದರೆ ಸಾಮಾನ್ಯವಾಗಿ ಅದು ಬೀಟಾ ಬ್ಲಾಕರ್. ಗಾಬರಿಯಾದಾಗ, ಓಡಿದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತೆ. ಅದು ಹೃದಯದ ಬೀಟಾ ಗ್ರಾಹಕಗಳ (ರಿಸೆಪ್ಟರ್, ಅಂದರೆ ಜೀವಕೋಶದ ಮೇಲೆ ಅಡ್ರಿನಲಿನ್ ಕೂರೋ ಜಾಗ) ಮೇಲೆ ಕೂತರೆ ಬಡಿತ ಜೋರು. ಈ ಮಾತ್ರೆ ಆ ಜಾಗದಲ್ಲಿ ತಾನೇ ಕೂತುಬಿಡುತ್ತೆ. ಬಡಿತ ನಿಧಾನವಾಗಿ ಹೃದಯದ ಶ್ರಮ ತಗ್ಗುತ್ತೆ. ಕಿಡ್ನಿಯಿಂದ ಬರೋ, ಬಿಪಿ ಏರಿಸೋ ರೆನಿನ್ ಅನ್ನೋ ರಾಸಾಯನಿಕ ಕೂಡ ಕಡಿಮೆಯಾಗಿ ಬಿಪಿ ಇಳಿಯುತ್ತೆ. ಈಗ ಕೇಳಿ.

ಸದಸ್ಯ, ದಾವಣಗೆರೆ: ಬಿಪಿ ಈಗ 130/80. ಮಾತ್ರೆ ಬಿಡಬಹುದಾ?

ಡಾಕ್ಟರ್: ಮಾತ್ರೆ ತಗೊಳ್ತಿರೋದಕ್ಕೇ 130. ಬಿಡಬೇಡಿ.

ಸದಸ್ಯೆ, ಹಾಸನ: ಅಟೆನೊಲಾಲ್ ಶುರುವಾದ ಮೇಲೆ ಕೈಕಾಲು ತಣ್ಣಗೆ, ಸುಸ್ತು. ಮೊದಲಿಂದ ಉಬ್ಬಸವೂ ಇದೆ.

ಡಾಕ್ಟರ್: ಸುಸ್ತು, ತಣ್ಣಗಾಗೋದು ಗೊತ್ತಿರೋ ಅಡ್ಡಪರಿಣಾಮ. ಉಬ್ಬಸದ ವಿಷಯ ಮಾತ್ರೆ ಬರೆದವರಿಗೆ ಹೇಳಿದ್ರಾ? ನಾಳೆಯೇ ಹೋಗಿ ಹೇಳಿ. ಶ್ವಾಸನಾಳದಲ್ಲೂ ಬೀಟಾ ಗ್ರಾಹಕ ಇವೆ, ಉಬ್ಬಸ ಹೆಚ್ಚಾಗಬಹುದು. ನೀವಾಗಿ ನಿಲ್ಲಿಸಬೇಡಿ.

ಸದಸ್ಯ, ತುಮಕೂರು: (ಫಾರ್ವರ್ಡ್) ಹೊಳೆಮತ್ತಿ ಚಕ್ಕೆ, ಬೆಳ್ಳುಳ್ಳಿ ಕಷಾಯ 21 ದಿನ ಕುಡಿಯಿರಿ. ಬಿಪಿ ಮಾತ್ರೆ ಇವತ್ತೇ ಬಿಡಿ. ಹತ್ತು ಜನಕ್ಕೆ ಕಳಿಸಿ.

ಡಾಕ್ಟರ್: ಈ ತಿಂಗಳಲ್ಲಿ ಇದು ಮೂರನೇ ಸಲ. ಅಳಿಸಿ.

ಸದಸ್ಯೆ, ಬೆಂಗಳೂರು: ಡಾಕ್ಟ್ರೇ, ಇದೇ ಮೆಸೇಜ್ ನಮ್ಮ ನೆಂಟರ ಗ್ರೂಪಿಗೂ ಬಂದಿತ್ತು. ಆಯಿಗೆ 66 ವರ್ಷ, ಎರಡು ವರ್ಷದ ಹಿಂದೆ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ. ಐದು ದಿನದಿಂದ ಮೆಟೊಪ್ರೊಲಾಲ್ ಬಿಟ್ಟು ಕಷಾಯ ಕುಡೀತಿದ್ದಾಳಂತೆ. ಇವತ್ತು ಬಾವಿಕಟ್ಟೆಗೆ ಹೋಗಿ ಬರೋದ್ರೊಳಗೆ ಎದೆ ಹಿಡಿದ ಹಾಗಾಯ್ತಂತೆ, ಈಗಲೂ ಬಿಟ್ಟಿಲ್ಲ. ಬಡಿತ 118. ಊರು ಯಲ್ಲಾಪುರದ ಹತ್ತಿರ. ಎರಡು ಮಾತ್ರೆ ಒಟ್ಟಿಗೆ ಕೊಡಲಿಕ್ಕೆ ಹೇಳಲಾ?

ಡಾಕ್ಟರ್: ಬೇಡ. ಮೊದಲು 108ಕ್ಕೆ ಫೋನ್ ಮಾಡಿ. ತಡವಾಗುತ್ತೆ ಅಂದರೆ ಪಕ್ಕದ ಮನೆಯವರ ಗಾಡಿಯಲ್ಲಿ ಇಸಿಜಿ ಇರೋ ಆಸ್ಪತ್ರೆಗೆ ಈಗಲೇ ಕಳಿಸಿ. ಬೆಳಗಾಗಲಿ ಅಂತ ಕಾಯಬೇಡಿ. ಆಯಿಯನ್ನು ನಡೆಸಬೇಡಿ. ಮಾತ್ರೆಗಳ ಸ್ಟ್ರಿಪ್, ಹಳೇ ಡಿಸ್ಚಾರ್ಜ್ ಚೀಟಿ ಜೊತೆಗಿರಲಿ. ‘ಐದು ದಿನದಿಂದ ಮೆಟೊಪ್ರೊಲಾಲ್ ಬಿಟ್ಟಿದ್ದಾರೆ’ ಅನ್ನೋದನ್ನೇ ಮೊದಲು ಹೇಳಲಿ. ಆಸ್ಪಿರಿನ್ನೂ ಬಿಟ್ಟಿದ್ದಾರಾ ಕೇಳಿ.

ಫೋನ್ ಮಾಡಿದ ಮೇಲೆ ಉಳಿದದ್ದು ಓದಿ. ಎಲ್ಲರೂ ಓದಿ. ಗ್ರಾಹಕಗಳನ್ನು ವರ್ಷಗಟ್ಟಲೆ ಮುಚ್ಚಿಟ್ಟರೆ ಜೀವಕೋಶ ಸುಮ್ಮನಿರಲ್ಲ, ಇನ್ನಷ್ಟು ಗ್ರಾಹಕ ಹುಟ್ಟಿಸಿಕೊಳ್ಳುತ್ತೆ. ಮಾತ್ರೆ ತಟ್ಟನೆ ನಿಂತರೆ ಅಷ್ಟೂ ತೆರೆದುಕೊಳ್ಳುತ್ತವೆ. ಅದೇ ಅಡ್ರಿನಲಿನ್‌ಗೆ ಹೃದಯ ಮೊದಲಿಗಿಂತ ಹೆಚ್ಚು ಹಾರುತ್ತೆ. ರಕ್ತನಾಳ ಕಿರಿದಾಗಿರೋರಿಗೆ ಅಷ್ಟು ರಕ್ತ ಒದಗಲ್ಲ. ಎದೆನೋವು ಬರುತ್ತೆ, ಕೆಲವರಿಗೆ ಅಟ್ಯಾಕೇ ಆಗುತ್ತೆ. ನಿಲ್ಲಿಸಲೇಬೇಕಾದಾಗ ನಾವೂ ಒಂದೆರಡು ವಾರ ಡೋಸ್ ಇಳಿಸುತ್ತಾ ಬಂದೇ ನಿಲ್ಲಿಸೋದು.

ಸದಸ್ಯ, ತುಮಕೂರು: ಕಷಾಯ ಕುಡಿದವರೆಲ್ಲ ಸತ್ತಿಲ್ಲ. ನಮ್ಮಜ್ಜ ಒಂದೂ ಇಂಗ್ಲಿಷ್ ಮಾತ್ರೆ ನುಂಗದೆ 90 ವರ್ಷ ಇದ್ರು.

ಸದಸ್ಯ, ಮೈಸೂರು: ನಿಮ್ಮಜ್ಜನಿಗೆ ಸ್ಟೆಂಟ್ ಇತ್ತಾ?

ಸದಸ್ಯ, ತುಮಕೂರು: ನೀವು ಮೆಡಿಕಲ್ ಶಾಪ್ ಇಟ್ಟೋರು. ಇನ್ನೇನು ಹೇಳ್ತೀರಿ.

ಸದಸ್ಯ, ಮೈಸೂರು: ಒಬ್ಬ ತಾಯಿ ಎದೆ ಹಿಡ್ಕೊಂಡು ಕೂತಿದ್ದಾರೆ ಸ್ವಾಮಿ. ನಿಮಗೆ ನನ್ನ ಅಂಗಡಿ ಚಿಂತೆ.

ಸದಸ್ಯ, ದಾವಣಗೆರೆ: ಆಯುರ್ವೇದ ಬಯ್ಯೋದು ಈಗ ಫ್ಯಾಷನ್ ಆಗಿದೆ.

ಡಾಕ್ಟರ್: ಯಾರೂ ಬಯ್ದಿಲ್ಲ. ‘ಮಾತ್ರೆ ಇವತ್ತೇ ಬಿಡಿ’ ಅನ್ನೋ ಸಾಲಿನ ಮೇಲೆ ನನ್ನ ಸಿಟ್ಟು. ಜವಾಬ್ದಾರಿ ಇರೋ ಆಯುರ್ವೇದ ವೈದ್ಯರೂ ರೋಗಿಯನ್ನು ನೋಡದೆ ಹಾಗೆ ಬರೆಯಲ್ಲ.

ಸದಸ್ಯೆ, ಶಿವಮೊಗ್ಗ: ನನಗೆ ಮೈಗ್ರೇನ್‌ಗೆ ಪ್ರೊಪ್ರನೊಲಾಲ್ ಕೊಟ್ಟಿದ್ದಾರೆ. ಬಿಪಿ ಇಲ್ಲದೋರಿಗೆ ಯಾಕೆ?

ಸದಸ್ಯ, ಕಲಬುರಗಿ: ಅಪ್ಪಗ ಶುಗರ್ ಅದ, ಇನ್ಸುಲಿನ್ ತಗೋತಾರ್ರಿ. ಹಾರ್ಟ್ ವೀಕ್ ಅದ ಅಂತ ಕಾರ್ವೆಡಿಲಾಲ್ 3.125 ಬರದಾರ. ವೀಕ್ ಇದ್ದ ಹಾರ್ಟಿಗಿ ಬಡಿತ ಕಮ್ಮಿ ಮಾಡೋ ಗುಳಿಗಿ ಯಾಕ್ರಿ?

ಡಾಕ್ಟರ್: ನಮ್ಮ ವೃತ್ತಿಯವರೂ ಬಹಳ ಕಾಲ ಹೀಗೇ ಹೆದರಿದ್ದರು. ಸೋತ ಹೃದಯವನ್ನು ಅಡ್ರಿನಲಿನ್ ಓಡಿಸೋದು ದಣಿದ ಎತ್ತಿಗೆ ಬಾರುಕೋಲು ಬೀಸಿದ ಹಾಗೆ. ಮಾತ್ರೆ ಆ ಹೊಡೆತ ತಡೆಯುತ್ತೆ. 1999ರಲ್ಲಿ ಬಿಸೊಪ್ರೊಲಾಲ್, ಮೆಟೊಪ್ರೊಲಾಲ್‌ಗಳ ದೊಡ್ಡ ಅಧ್ಯಯನಗಳು ಬಂದ ಮೇಲೆ, ಇಂಥ ರೋಗಿಗಳಲ್ಲಿ ಸಾವು ಕಡಿಮೆಯಾಗೋದು ಸ್ಪಷ್ಟವಾಯ್ತು. ಆದರೆ ಸಣ್ಣ ಡೋಸಿಂದ ಶುರು ಮಾಡಿ, ಕನಿಷ್ಠ ಎರಡು ವಾರ ಅದೇ ಡೋಸ್ ಕೊಟ್ಟು ಆಮೇಲೆ ಏರಿಸಬೇಕು. ಊಟದ ಜೊತೆ ಕೊಡಿ. ಒಂದು ಎಚ್ಚರ: ಶುಗರ್ ಇಳಿದಾಗ ಕೈ ನಡುಗೋದು, ಎದೆ ಹೊಡ್ಕೊಳ್ಳೋದು ಗೊತ್ತಾಗದೇ ಹೋಗಬಹುದು. ಸುಮ್ಮನೆ ಬೆವರಿದರೆ ಕೂಡಲೇ ಶುಗರ್ ನೋಡಿ.

ಸದಸ್ಯ, ಮಂಡ್ಯ: ಬಿಪಿ ನಾರ್ಮಲ್ ಇದೆ. ದಿನ ಬಿಟ್ಟು ದಿನ ತಗೊಂಡ್ರೆ?

ಡಾಕ್ಟರ್: ಇಲ್ಲ. ಮೇಲೆ ಓದಿ.

ಸದಸ್ಯ, ತುಮಕೂರು: ಡಾಕ್ಟರಾದೋರು ಸ್ವಲ್ಪ ಸಮಾಧಾನವಾಗಿ ಉತ್ತರಿಸಬೇಕು.

ಡಾಕ್ಟರ್: ನೀವು ಮೆಸೇಜ್ ಇನ್ನೂ ಅಳಿಸಿಲ್ಲ.

ಸದಸ್ಯೆ, ಬೆಂಗಳೂರು: ಆಯಿಗೆ ಇಸಿಜಿ ಆಯ್ತು. ಬದಲಾವಣೆ ಇದೆಯಂತೆ, ಹುಬ್ಬಳ್ಳಿಗೆ ಕಳಿಸ್ತಿದ್ದಾರೆ. ಆಸ್ಪಿರಿನ್ ಬಿಟ್ಟಿರಲಿಲ್ಲ. ನಾನು ಬಸ್ಸಲ್ಲಿದ್ದೀನಿ.

ಡಾಕ್ಟರ್: ಆಸ್ಪಿರಿನ್ ಬಿಡದ್ದು ಒಳ್ಳೇದಾಯ್ತು. ಅಲ್ಲಿ ಟ್ರೋಪೊನಿನ್ (ಹೃದಯಕ್ಕೆ ಪೆಟ್ಟಾಗಿದೆಯಾ ಅಂತ ತೋರಿಸೋ ರಕ್ತಪರೀಕ್ಷೆ) ನೋಡ್ತಾರೆ. ರಿಪೋರ್ಟ್ ಬಂದ ಕೂಡಲೇ ನನಗೇ ಕಳಿಸಿ, ಎಷ್ಟು ಹೊತ್ತಾದರೂ ಸರಿ.

ಸದಸ್ಯೆ, ಶಿವಮೊಗ್ಗ: ಡಾಕ್ಟ್ರೇ, ನನ್ನ ಮೈಗ್ರೇನ್ ಪ್ರಶ್ನೆ ಹಾಗೇ ಉಳೀತು.